ಭೈರವಿ ಮುಗಿಯುವ ತನಕ

ನನಗೆ ತಿಳಿವಳಿಕೆ ಬಂದಾಗಿನಿಂದ ಬೇಕಾದಷ್ಟು ಗಾಯನ ಕೇಳಿದ್ದೇನೆ. ಆದರೆ ಹೋದ ಚಳಿಗಾಲದ ತನಕ ಒಂದನ್ನೂ ಕೊನೆಯವರೆಗೆ ಕೂತು ಕೇಳಿರಲಿಲ್ಲ.

ಗಾಯನ ಮುಗಿಯುವುದು ಭೈರವಿ ರಾಗದಿಂದ. ಅದನ್ನು ಹಿಡಿಯುವ ಮೊದಲು ಹಾಡುವವರು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಒಂದು ಗುಟುಕು ನೀರು ಕುಡಿಯುತ್ತಾರೆ, ತಂಬೂರಿಯ ಬಿರಡೆ ತಿರುವಿ ಶ್ರುತಿ ಸರಿ ಮಾಡಿಕೊಳ್ಳುತ್ತಾರೆ. ತಬಲಾದವರು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟುತ್ತಾರೆ. ಬಲ್ಲವರೆಲ್ಲ ಆಗ ಕಾಲು ಮಡಚಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತಾರೆ. ನಾನು ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ಚಿಕ್ಕವಳಿದ್ದಾಗ ಉತ್ತೂರ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ನನ್ನನ್ನು ಗಡಹಿಂಗ್ಲಜಕ್ಕೆ ಗಾಯನ ಕೇಳಲು ಕರೆದೊಯ್ಯುತ್ತಿದ್ದರು. ತಂಬೂರಿಯ ಬಿರಡೆಗೆ ಕೈ ಹೋಯಿತೆಂದರೆ ಅಪ್ಪನ ಕೈ ನನ್ನ ರಟ್ಟೆಗೆ ಬರುತ್ತಿತ್ತು. ಕೊನೆಯ ಎಸ್‌ಟಿ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಭೈರವಿಯ ಮೊದಲ ಸ್ವರ ಕಿವಿಗೆ ಬೀಳುವಾಗ ನಾವಿಬ್ಬರೂ ನಿಲ್ದಾಣದ ಕಡೆಗೆ ಓಡುತ್ತಿರುತ್ತಿದ್ದೆವು. ಮದುವೆಯಾಗಿ ಇಚಲಕರಂಜಿಗೆ ಬಂದೆ. ನನ್ನ ಪುಣ್ಯ, ಯಜಮಾನರಿಗೂ ಗಾಯನದ ಹುಚ್ಚಿತ್ತು. ಇಬ್ಬರೂ ಕೊಲ್ಹಾಪುರಕ್ಕೆ ಹೋಗಿ ಕೇಳತೊಡಗಿದೆವು. ಅಲ್ಲಿಯೂ ಕೊನೆಯ ಬಸ್ಸಿತ್ತು. ಮುಂದೆ ಮೋಟಾರ್ ಸೈಕಲ್ಲು ಬಂತು, ಬಸ್ಸಿನ ಕಾಟ ತಪ್ಪಿತು. ಆಗ ಮನೆಯ ಹಿಂದಿನ ನಮ್ಮ ಮಗ್ಗದ ಶೆಡ್ಡು ಅಡ್ಡ ನಿಂತಿತು. ರಾತ್ರಿ ಪಾಳಿಯವರು ಬರುವಷ್ಟರಲ್ಲಿ ಯಜಮಾನರು ಅಲ್ಲಿರಬೇಕು, ನೂಲು ತೆಗೆದುಕೊಡಬೇಕು, ಯಾವ ಮಗ್ಗ ಏನು ತಕರಾರು ಮಾಡುತ್ತಿದೆ ಎಂದು ಹೇಳಬೇಕು.

"ಮಂದಿ ಭೈರವಿ ಎದುರಿಗಿ ಕುಂತ ಕೇಳ್ತಾರ. ನಿನ್ನ ಭೈರವಿ ಯಾವಾಗ್ಲೂ ಬೆನ್ನ ಹಿಂದ" ಎಂದು ಅವರು ಚೇಷ್ಟೆ ಮಾಡುತ್ತಿದ್ದರು.

ರೇಡಿಯೊದಲ್ಲಿ, ಮೊಬೈಲಿನಲ್ಲಿ ಕೇಳಿಲ್ಲವೆಂದಲ್ಲ. ಕುಕ್ಕರಿನ ಸೀಟಿಯ ನಡುವೆ ಕೇಳುವುದು ಬೇರೆ, ನಾಲ್ಕು ಜನರ ನಡುವೆ ಕೂತು, ಹಾಡುವವರ ಉಸಿರಿನ ಜೊತೆ ನಮ್ಮ ಉಸಿರನ್ನೂ ಬಿಗಿಹಿಡಿದು ಕೇಳುವುದು ಬೇರೆ.

ಮಲಗುವ ಮುಂಚೆ ಕೊರಳಲ್ಲಿರುವ ಲಿಂಗವನ್ನು ಮುಟ್ಟಿ, ಆ ದಿನ ಶಿವ ಏನೇನು ಕೊಟ್ಟ ಎಂದು ನೆನೆಯುವುದು ನನ್ನ ರೂಢಿ. ದೊಡ್ಡ ಸಂಗತಿಗಳೇನೂ ಇರುವುದಿಲ್ಲ. ಹಾಲು ಒಡೆಯಲಿಲ್ಲ, ಕರೆಂಟು ಹೋಗಲಿಲ್ಲ, ಅತ್ತೆಯ ಮಂಡಿನೋವು ಇವತ್ತು ಕಡಿಮೆ ಇತ್ತು, ಇಂಥವೇ. ಗಾಯನಕ್ಕೆ ಹೋಗಿ ಬಂದ ದಿನ "ಮುಕ್ಕಾಲು ಗಾಯನ ಕೊಟ್ಟಿಯಪ್ಪಾ" ಎನ್ನುತ್ತಿದ್ದೆ. ಉಳಿದ ಕಾಲು ಭಾಗವನ್ನೂ ಕೊಡು ಎಂದು ಕೇಳಲು ಸಂಕೋಚ. ಕೊಟ್ಟವನಿಗೆ ತಿಳಿಯದೇ ಇರುತ್ತದೆಯೇ? ಆದರೂ ಆಸೆ ಹೋಗಿರಲಿಲ್ಲ. ವಯಸ್ಸಾದಂತೆ ಅದು ಕಡಿಮೆಯಾಗುವ ಬದಲು ಗಂಟಲಲ್ಲಿ ಸಿಕ್ಕ ಅವಲಕ್ಕಿಯ ಹಾಗೆ ಕೂತುಬಿಟ್ಟಿತ್ತು.

ಕೊನೆಗೆ ದಾರಿ ತೋರಿಸಿದವನು ನನ್ನ ಮೈದುನ. ಬಟ್ಟೆಯ ತಾಕಾಗಳನ್ನು, ಆ ದಪ್ಪ ಸುರುಳಿಗಳನ್ನು, ಹೊತ್ತು ಹೊತ್ತು ಸವೆದಿದ್ದ ನಮ್ಮ ಹಳೆಯ ಟೆಂಪೊವನ್ನು ಅವನು ಮಳೆಗಾಲವಿಡೀ ಬಡಿದು, ಕೊರೆದು, ಕ್ಯಾಂಪರ್ ವ್ಯಾನ್ ಮಾಡಿದ. ಒಳಗೆ ಮಡಚುವ ಹಾಸಿಗೆ ಹಲಗೆಗಳು, ಒಂದು ಗ್ಯಾಸಿನ ಒಲೆ, ನೀರಿನ ಟಾಕಿ, ಪಕ್ಕಕ್ಕೆ ಜಾರುವ ಬಾಗಿಲು. ಕೊಂಕಣದ ಕಡೆ ತಿರುಗಾಡಲು ಹೋಗುವವರಿಗೆ ಬಾಡಿಗೆಗೆ ಕೊಡಬೇಕೆಂಬುದು ಅವನ ಲೆಕ್ಕಾಚಾರ. ಕಿಟಕಿಗೆ ನಮ್ಮ ಶೆಡ್ಡಿನದೇ ಬಿಳುಪು ಮಾಡದ ಕೋರಾ ಬಟ್ಟೆಯ ಪರದೆ. ಎಷ್ಟು ತೊಳೆದರೂ ಒಳಗಿನ ಗಂಜಿಯ ವಾಸನೆ ಹೋಗಿರಲಿಲ್ಲ.

"ವೈನಿ, ಮೊದಲ ನೀವ ಒಂದ ರಾತ್ರಿ ಇದರಾಗ ಇದ್ದ ಬರ್ರಿ. ಏನ್ ಕಡಿಮಿ ಬಿದ್ದೈತಿ ಅಂತ ಹೆಣ್ಣಮಕ್ಕಳಿಗೇ ಗೊತ್ತಾಗೂದು" ಎಂದ.

"ಎಲ್ಲಿಗಿ ಹೋಗೂನಪ್ಪಾ?" ಎಂದೆ.

"ಎಲ್ಲಿಗಾದ್ರೂ. ಸಮುದ್ರ ನೋಡಿ ಬರ್ರಿ."

ಸಮುದ್ರ ನನಗೆ ನೆನಪಾಗಲಿಲ್ಲ. ಗಡಹಿಂಗ್ಲಜದ ಶಾಲೆಯೊಂದರ ಮೈದಾನದಲ್ಲಿ ಬರುವ ವಾರ ಧಾರವಾಡ ಕಡೆಯ ಒಬ್ಬ ಹೆಣ್ಣುಮಗಳ ಗಾಯನವಿದೆ ಎಂದು ತವರಿನಿಂದ ಫೋನು ಬಂದದ್ದು ನೆನಪಾಯಿತು. ಬಾಯಿಂದ ಹಾಗೇ ಹೊರಬಿತ್ತು: "ಗಡಹಿಂಗ್ಲಜಕ್ಕ ಹೋಗೂನು. ಭೈರವಿ ಮುಗಿಯೂತನಕ ಕುಂತ, ಅಲ್ಲೇ ಮಲಗಿ ಬರೂನು."

ಯಜಮಾನರು ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅವರು ಶೆಡ್ಡು ಬಿಟ್ಟು ಒಂದು ರಾತ್ರಿಯೂ ಹೊರಗಿದ್ದವರಲ್ಲ. ಎದ್ದು ಶೆಡ್ಡಿಗೆ ಹೋದರು. ಮಗ್ಗ ರಿಪೇರಿ ಮಾಡುವ ಜಾಬರ್‌ನ ಜೊತೆ ಬಹಳ ಹೊತ್ತು ಮಾತಾಡಿ ಬಂದು, "ಅಂವಾ ನೋಡ್ಕೋತಾನಂತ" ಎಂದರು. ಅಷ್ಟೇ ಸಾಕಾಯಿತು ನನಗೆ. ಆ ರಾತ್ರಿ ನೆನೆದದ್ದರಲ್ಲಿ ಜಾಬರ್‌ನೂ ಸೇರಿದ.

ಉಳಿದದ್ದು ಅತ್ತೆ. ಅವರನ್ನು ಬಿಟ್ಟು ಹೋಗುವುದೆಂತು? ಅವರು ಬರಲು ಒಪ್ಪಿದರು, ಆದರೆ ಮೊದಲು ವ್ಯಾನನ್ನು ನೋಡುತ್ತೇನೆಂದರು. ಮೈದುನ ಕೈ ಹಿಡಿದು ಹತ್ತಿಸಿದ. ಅತ್ತೆ ಹಲಗೆ ಒತ್ತಿ ನೋಡಿದರು, ನಲ್ಲಿ ತಿರುವಿ ನೋಡಿದರು. ವ್ಯಾನಿನ ಹಿಂದುಗಡೆ ಕಬ್ಬಿಣದ ಬಳೆಗೆ ಕೋರಾ ಬಟ್ಟೆ ಸುತ್ತಿ ಅವನು ಸ್ನಾನದ ಮರೆ ಮಾಡಿದ್ದ. ಅದನ್ನು ನೋಡಿ ಅವರ ಹುಬ್ಬು ಮೇಲೇರಿತು.

"ಇದೇನೋ ಇದು?"

"ನ್ಹಾಣಿ ಅವ್ವಾ. ಸ್ನಾನಕ್ಕ."

"ಕೋರಾ ಬಟ್ಟಿ ತೊಯ್ದ್ರ ಮೈಯೆಲ್ಲಾ ಕಾಣಸ್ತೈತಿ. ಬಟ್ಟಿ ನೇಯೋ ಮನ್ಯಾಗ ಹುಟ್ಟಿ ಇಷ್ಟೂ ಗೊತ್ತಿಲ್ಲೇನ ನಿನಗ? ಊರ ಮಂದೀಗಿ ನನ್ನ ಜಾತ್ರಿ ತೋರಸಾಂವ ಅದಿಯೇನ?"

ಮೈದುನ ಕಿವಿಯ ತನಕ ಕೆಂಪಾದ. ನಾನು ಒಳಗೆ ಹೋಗಿ ನಗು ಮುಗಿಸಿಕೊಂಡು ಎರಡು ದಪ್ಪ ಕೌದಿ ತಂದುಕೊಟ್ಟೆ. ಆಗ ಅತ್ತೆ ತಮ್ಮ ಕರಾರು ಹೇಳಿದರು. ನಮ್ಮ ಮನೆಯ ಪದ್ಧತಿ ಎಲ್ಲಿ ಹೋದರೂ ಮುರಿಯಬಾರದು. ಬೆಳಿಗ್ಗೆ ಎದ್ದು ಅವರ ಸ್ನಾನ, ಲಿಂಗಪೂಜೆ ಆಗುವ ತನಕ ಒಲೆಯ ಮೇಲೆ ಹಾಲು ಇಡುವಂತಿಲ್ಲ. ಸ್ನಾನದ ನೀರು ಕಾಯಿಸಬಹುದು, ಅಷ್ಟೇ. ಚಹಾ ಆಮೇಲೆ. ಮನೆಗೆ ಯಾರೇ ಬಂದಿರಲಿ, ಎಂಥ ದೊಡ್ಡವರೇ ಇರಲಿ, ಪೂಜೆ ಮುಗಿಯುವ ತನಕ ಕಾಯಲೇಬೇಕು. "ಗಾಲಿ ಮ್ಯಾಲ ಇದ್ರೂ ಮನಿ ಮನೀನ" ಎಂದರು ಅತ್ತೆ. "ಹೌದ್ರಿ ಅತ್ತಿ" ಎಂದೆ. ನನಗೂ ಅದೇ ಬೇಕಾಗಿತ್ತು.

ಗಾಯನದ ದಿನ ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೂವರೂ ಹೊರಟೆವು. ಯಜಮಾನರೇ ಓಡಿಸಿದರು, ಆ ಟೆಂಪೊದ ಗುಣ ಅವರಿಗೆ ಚೆನ್ನಾಗಿ ಗೊತ್ತು. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಅತ್ತೆ ಕಿಟಕಿಯ ಪರದೆ ಸರಿಸಿ ನೋಡುತ್ತ, "ಕುಂತಲ್ಲೇ ಅಡ್ಡಾಗಬಹುದು, ಬಸ್ಸಿನ್ಯಾಗ ಈ ಸುಖ ಎಲ್ಲೈತಿ" ಎಂದು ಕಾಲು ಚಾಚಿದರು.

ಶಾಲೆಯ ಮೈದಾನದಲ್ಲಿ ಮಂಟಪ ಹಾಕಿದ್ದರು. ಕಾರ್ಯಕ್ರಮದವರೊಬ್ಬರು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಒಳಗೆ ಇಣುಕಿ, ಮಂಟಪದ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಲು ಹೇಳಿದರು. ಜಾರುವ ಬಾಗಿಲು ತೆರೆದರೆ ನೇರ ಮಂಟಪದ ಕಡೆಗೇ. ಅತ್ತೆಗೆ ಮಂಡಿ ಮಡಚಿ ಜಮಖಾನೆಯ ಮೇಲೆ ಕೂರಲು ಆಗುವುದಿಲ್ಲ. "ನಾ ಇಲ್ಲೇ ಮಲಗಿ ಕೇಳ್ತೀನಿ, ನೀವ ಹೋಗ್ರಿ" ಎಂದು ಶಾಲು ಹೊದ್ದು ಹಲಗೆಯ ಮೇಲೆ ದಿಂಬಿಗೆ ಒರಗಿದರು. ನಾವಿಬ್ಬರೂ ಹೋಗಿ ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತೆವು. ಅಷ್ಟು ಮುಂದೆ ನಾನು ಎಂದೂ ಕೂತವಳಲ್ಲ. ಬೇಗ ಎದ್ದು ಹೋಗುವವರು ಯಾವಾಗಲೂ ಅಂಚಿನಲ್ಲಿ ಕೂರಬೇಕಲ್ಲ.

ಸಂಜೆಯ ಬಿಸಿಲು ಮಂಟಪದ ಬಟ್ಟೆಯ ಮೇಲಿರುವಾಗಲೇ ಆಕೆ ಹಾಡಲು ಶುರುಮಾಡಿದಳು. ನಡುವಯಸ್ಸಿನ ಹೆಣ್ಣುಮಗಳು, ಸಾದಾ ಇಳಕಲ್ ಸೀರೆ. ಮೊದಲ ರಾಗ ಬಹಳ ನಿಧಾನ. ಆಮೇಲೆ ಬಿಗಿಯಾಯಿತು. ನನ್ನ ಪಕ್ಕದ ಮುದುಕರು "ವ್ವಾ, ಕಾಯ್ ಗಾತೇ!" ಎಂದು ತೊಡೆ ತಟ್ಟಿದರೆ, ಹಿಂದಿನಿಂದ "ಆಹಾ, ಎಂಥಾ ಹಾಡ್ತಾಳ ನೋಡ್ರಿ" ಎಂದು ಕೇಳುತ್ತಿತ್ತು. ಯಜಮಾನರ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಮಗ್ಗದ ಸಪ್ಪಳದಲ್ಲೇ ಬೆಳೆದವರು ಅವರು, ಅವರ ತಾಳ ತಪ್ಪುವುದಿಲ್ಲ. ನಾನು ನಿಶ್ಚಿಂತೆಯಿಂದ ಕೂತಿದ್ದೆ. ಬಸ್ಸಿಲ್ಲ, ಪಾಳಿಯಿಲ್ಲ, ಮನೆ ಪಕ್ಕದಲ್ಲೇ ನಿಂತಿದೆ ಎಂದು ಮನಸ್ಸಿಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ.

ಮನಸ್ಸಿಗೆ ಹೇಳಿದೆ, ಕಾಲಿಗೆ ಹೇಳಿರಲಿಲ್ಲ.

ಒಂದು ಠುಮರಿ ಮುಗಿಯಿತು. ಆಕೆ ನೀರಿನ ಲೋಟ ಎತ್ತಿದಳು. ಕೈ ತಂಬೂರಿಯ ಬಿರಡೆಗೆ ಹೋಯಿತು. ತಬಲಾದವರು ಟಕ್ ಟಕ್ ಎನ್ನಿಸಿದರು. ಅಷ್ಟೇ. ಯಜಮಾನರು ಎದ್ದರು. ನಾನೂ ಎದ್ದೆ. ಚೀಲ ತಾನಾಗಿಯೇ ಹೆಗಲಿಗೆ ಬಂತು. ಜನರ ಮಂಡಿ ತುಳಿಯದಂತೆ ಸೀರೆ ಎತ್ತಿಕೊಂಡು, "ಸರೀರಿ, ಒಂಚೂರ ಸರೀರಿ" ಎನ್ನುತ್ತ ಮೂರನೆಯ ಸಾಲಿನಿಂದ ಹೊರಬಂದು, ಚಪ್ಪಲಿ ಮೆಟ್ಟಿ ದಡದಡ ನಡೆದೆವು. ಇಷ್ಟು ವರ್ಷಗಳ ಅಭ್ಯಾಸ, ಮಾತೇಕೆ ಬೇಕು? ಯಜಮಾನರು ಹೋಗಿ ಮುಂದಿನ ಸೀಟಿನಲ್ಲಿ ಕೂತರು, ನಾನು ಆ ಕಡೆಯಿಂದ ಹತ್ತಿದೆ, ಅವರು ಕೀಲಿ ತಿರುವಿದರು. ಹಳೆಯ ಡೀಸೆಲ್ ಇಂಜಿನ್ನು ಇಡೀ ಮೈದಾನ ನಡುಗುವಂತೆ ಗುಡುಗಿತು.

ಹಿಂದಿನ ಹಲಗೆಯಿಂದ ಅತ್ತೆಯ ದನಿ ಬಂತು: "ಎಲ್ಲಿಗಿ ಹೊಂಟ್ರೋ?"

"ಮನೀಗಿ ಅವ್ವಾ" ಎಂದರು ಯಜಮಾನರು.

"ಮನ್ಯಾಗಽ ಕುಂತೀಯಲ್ಲೋ ಮೂಳಾ!"

ಮಂಟಪದಿಂದ ಯಾರೋ ಮರಾಠಿಯಲ್ಲಿ ಕೂಗಿದರು: "ಓ ಟೆಂಪೊವಾಲೇ, ಇಂಜಿನ್ ಬಂದ್ ಕರಾ!" ಯಜಮಾನರು ಕೀಲಿ ಹಿಂದಕ್ಕೆ ತಿರುವಿದರು, ಇಂಜಿನ್ನು ನಿಂತಿತು. ಅವರ ಮುಖ ನೋಡಬೇಕಿತ್ತು. ನನ್ನದೂ ಹಾಗೇ ಇದ್ದಿರಬೇಕು. ಇಷ್ಟು ದೂರ ಬಂದು, ಶೆಡ್ಡು ಬಿಟ್ಟು, ಅತ್ತೆಯನ್ನು ಕರೆದುಕೊಂಡು, ಕೊನೆಗೂ ಭೈರವಿಗೆ ಬೆನ್ನು ತಿರುಗಿಸಿ ಎದ್ದು ಬಂದೆನೇ? ತಿರುಗಿ ಹೋಗೋಣವೆಂದರೆ ಆಕೆ ಆಗಲೇ ಸ್ವರ ಹಿಡಿದಿದ್ದಳು. ಮೂರನೆಯ ಸಾಲಿನ ತನಕ ಎಲ್ಲರ ಮಂಡಿ ದಾಟುವುದು ಹೇಗೆ? ಹಾಡುವಾಗ ನಡುವೆ ಹೋಗುವುದು ಪೂಜೆಯ ನಡುವೆ ಹಾದ ಹಾಗೆ.

"ಅಲ್ಲೇನ್ ಮಾಡಾಕತ್ತೀರಿ? ಇಲ್ಲಿ ಬಂದ ಕುಂಡರ್ರಿ. ಇಲ್ಲಿ ಚಂದ ಕೇಳಸ್ತೈತಿ" ಎಂದು ಅತ್ತೆ ಪಿಸುಗುಟ್ಟಿದರು.

ಸದ್ದಾಗದಂತೆ ಇಳಿದು ಬಂದು ಜಾರುವ ಬಾಗಿಲಿನ ಮೆಟ್ಟಿಲ ಮೇಲೆ ಕೂತೆವು. ಅತ್ತೆ ತಮ್ಮ ಶಾಲಿನ ತುದಿಯನ್ನು ನನ್ನ ಹೆಗಲ ಮೇಲೆ ಹಾಕಿದರು. ಮುಂದೆ ಮಂಟಪದ ಪಕ್ಕದ ಬಟ್ಟೆ, ಅದರ ಸಂದಿಯಲ್ಲಿ ಆಕೆಯ ಒಂದು ಕೈ ಮಾತ್ರ ಕಾಣುತ್ತಿತ್ತು, ಮೇಲೆದ್ದು, ಇಳಿದು. ಆಕೆ ಭೈರವಿಯಲ್ಲಿ ಒಂದು ವಚನ ಎತ್ತಿಕೊಂಡಿದ್ದಳು. ಅತ್ತೆ ದಿನಾ ಪೂಜೆಯಲ್ಲಿ ಗಡಗಡ ಎಂದು ಹೇಳಿ ಮುಗಿಸುವ ವಚನವೇ ಅದು. ಪ್ರತಿ ಶಬ್ದವೂ ಗೊತ್ತಿದ್ದದ್ದೇ. ಆದರೂ ಆಕೆ ಒಂದೊಂದು ಶಬ್ದದ ಬಳಿ ನಿಂತು, ಅದನ್ನು ತಿರುಗಿ ನೋಡಿ, ಮತ್ತೆ ಕೈ ಹಿಡಿದು ಮುಂದೆ ಕರೆದುಕೊಂಡು ಹೋಗುವಾಗ, ಇದರೊಳಗೆ ಇಷ್ಟೆಲ್ಲ ಇತ್ತೇ ಎನ್ನಿಸಿತು. ನನಗೆ ಅಪ್ಪ ನೆನಪಾದರು. ನನ್ನ ರಟ್ಟೆ ಹಿಡಿಯುವ ಅವರ ಕೈ ನೆನಪಾಯಿತು. ದುಃಖವೆನಿಸಲಿಲ್ಲ. ಅಪ್ಪನ ಬದಲಿಗೂ ಕೇಳುತ್ತಿದ್ದೇನೆ ಎನ್ನಿಸಿತು. ಯಜಮಾನರು ವ್ಯಾನಿನ ತಗಡಿನ ಮೇಲೆ ಸಣ್ಣಗೆ ಬೆರಳಾಡಿಸುತ್ತಿದ್ದರು. ನಾನು ಆ ಕೈಯನ್ನು ಹಿಡಿದು ನಿಲ್ಲಿಸಲಿಲ್ಲ.

ಕೊನೆಯ ಸ್ವರ ಇಳಿದು ತಂಬೂರಿಯೊಂದೇ ಉಳಿಯಿತು. ಆಮೇಲೆ ಅದೂ ನಿಂತಿತು.

ಗಾಯನ ಮುಗಿದ ಮೇಲೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಮಂದಿ ತಕ್ಷಣ ಏಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಗುವಿಗೆ ಅಂಗಿ ಹಾಕುವ ಹಾಗೆ ತಂಬೂರಿಗೆ ಗವಸು ತೊಡಿಸುತ್ತಾರೆ, ಅದನ್ನೂ ಮೊದಲ ಸಲ ನೋಡಿದೆ. ಇಬ್ಬರು ಹೆಂಗಸರು ಜಮಖಾನೆ ಮಡಚುತ್ತಿದ್ದರು. ಹೋಗಿ ಒಂದು ತುದಿ ಹಿಡಿದೆ. "ಟೆಂಪೊ ಚಾಲೂ ಮಾಡಿದವರು ನೀವಽ ಏನ್ರಿ?" ಎಂದು ಒಬ್ಬಳು ಕೇಳಿದಳು. ಹೌದೆಂದು ಹೇಳಿ, ಯಾಕೆಂಬುದನ್ನೂ ಹೇಳಿದೆ. ಇಬ್ಬರೂ ಜಮಖಾನೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

ಊಟ ಮಾಡಿ ಮಲಗಿದೆವು. ಲಿಂಗವನ್ನು ಮುಟ್ಟಿಕೊಂಡು ಏನು ಹೇಳಬೇಕೋ ತಿಳಿಯದೆ, "ಇವತ್ತ ಉಳಿದದ್ದೂ ಕೊಟ್ಟಿಯಪ್ಪಾ" ಎಂದೆ. ಯಜಮಾನರಿಗೆ ಮಾತ್ರ ನಿದ್ದೆ ಬರಲೊಲ್ಲದು. ಮಗ್ಗದ ಸಪ್ಪಳವಿಲ್ಲದೆ ಅವರು ಮಲಗಿ ಗೊತ್ತಿಲ್ಲ. "ಎಷ್ಟ ಸುಮ್ಮನೈತಿ ಇಲ್ಲಿ, ಕಿವಿ ಗುಂಯ್ ಅಂತಾವ" ಎಂದು ಹೊರಳಾಡಿದರು. ಅತ್ತೆಯ ಗೊರಕೆ ಶುರುವಾದ ಮೇಲೆ ಅವರಿಗೂ ಜೋಂಪು ಹತ್ತಿತು. ಅದನ್ನೂ ಶಿವನ ಕೃಪೆಗೇ ಸೇರಿಸಿದೆ.

ಬೆಳಿಗ್ಗೆ ಮೈದಾನದ ಮೇಲೆ ಮಂಜಿತ್ತು. ನೀರು ಕಾಯಿಸಿ ಕೊಟ್ಟೆ. ಅತ್ತೆ ಕೌದಿಯ ಮರೆಯಲ್ಲಿ "ಶಿವಾ ಶಿವಾ" ಎಂದು ಗಟ್ಟಿಯಾಗಿ ಕೂಗುತ್ತ ಸ್ನಾನ ಮುಗಿಸಿದರು. ಹಣೆಗೆ ವಿಭೂತಿ ಧರಿಸಿ, ವ್ಯಾನಿನ ಹಲಗೆಯ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಅಷ್ಟರಲ್ಲಿ ಶಾಲೆಯ ಕಟ್ಟಡದ ಕಡೆಯಿಂದ ಒಬ್ಬ ಹೆಣ್ಣುಮಗಳು ಸ್ವೆಟರಿನ ಮೇಲೆ ಸೆರಗು ಹೊದ್ದು ಬಂದಳು. ರಾತ್ರಿ ಹಾಡಿದಾಕೆ. ಅಲ್ಲಿಯೇ ಒಂದು ಕೋಣೆಯಲ್ಲಿ ಇಳಿದಿದ್ದಳಂತೆ.

"ಅಕ್ಕಾರ, ಒಂದ ಕಪ್ಪ ಚಹಾ ಸಿಕ್ಕೀತೇನ್ರಿ? ಗಂಟಲ ಕಟ್ಟೇತಿ. ಹೊರಗ ಒಂದ ಹೊಟೆಲ್ಲೂ ತೆಗದಿಲ್ಲ."

ನಾನು ಗಡಬಡಿಸಿದೆ. ಇಂಥವರು ಬಾಗಿಲಿಗೆ ಬಂದು ಕೇಳಿದ್ದಾರೆ. ಹಾಲಿನ ಪಾತ್ರೆ ಕೈಯಲ್ಲೇ ಇದೆ. ಆದರೆ ಅತ್ತೆಯ ಕಣ್ಣು ಆಗಲೇ ಲಿಂಗದ ಮೇಲೆ ನಿಂತಿತ್ತು. "ಕೊಡ್ತೀನ್ರಿ, ಖಂಡಿತ ಕೊಡ್ತೀನಿ" ಎಂದೆ. "ಅತ್ತಿ ಪೂಜಿ ಆಗೂತನಕ ನಮ್ಮನ್ಯಾಗ ಹಾಲ ಇಡೂದಿಲ್ರಿ. ಒಂಚೂರ ಕುಂಡರ್ತೀರೇನ್ರಿ?"

ಆಕೆ ಬೇಸರಪಡಲಿಲ್ಲ. ಮೆಟ್ಟಿಲ ಮೇಲೆ, ರಾತ್ರಿ ನಾನು ಕೂತಲ್ಲಿಯೇ, ಕೂತಳು. ದನಿ ತಗ್ಗಿಸಿ, "ರಾತ್ರಿ ಇದಽ ಗಾಡಿ ಏನ್ರಿ ಚಾಲೂ ಆಗಿದ್ದು? ಭೈರವಿ ಹಿಡಿಯೂ ಮುಂದ ಇಬ್ರು ಎದ್ದ ಹೋಗಿದ್ದ ನೋಡಿದ್ನಿ. ನನ್ನ ಹಾಡು ಅಷ್ಟ ಕೆಟ್ಟ ಆತೇನ ಅನಸ್ತ" ಎಂದಳು.

ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಬಸ್ಸಿನ ಕಥೆ, ಶೆಡ್ಡಿನ ಕಥೆ, ಕಾಲಿನ ಕಥೆ ಎಲ್ಲ ಪಿಸುಮಾತಿನಲ್ಲಿ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವಳು, "ಅಂದ್ರ ಕೇಳಿದ್ರಿ?" ಎಂದಳು.

"ಪೂರ್ತಿ ಕೇಳಿದೆವ್ರಿ. ಇಲ್ಲೇ ಕುಂತ, ಈ ಮೆಟ್ಟಲ ಮ್ಯಾಲ."

ಆಕೆ ಏನೋ ಹೇಳಲು ಬಾಯಿ ತೆರೆದಳು. ಆಗ ಒಳಗಿನಿಂದ ಅತ್ತೆ ವಚನ ಶುರುಮಾಡಿದರು. ಎಂದಿನ ಹಾಗೆ ಗಡಗಡ ಹೇಳಲಿಲ್ಲ. ಒಂದು ಶಬ್ದದ ಬಳಿ ನಿಂತರು, ಅದನ್ನು ಸ್ವಲ್ಪ ಎಳೆದರು, ಮುಂದಿನದಕ್ಕೆ ಹೋದರು. ರಾತ್ರಿಯ ಭೈರವಿಯೇ ಅದು, ಆದರೆ ಅಡ್ಡಾದಿಡ್ಡಿ. ಅರ್ಧ ರಾಗ, ಅರ್ಧ ಕೆಮ್ಮು. ಹಾಡಿದಾಕೆ ಎದುರಿಗಿದ್ದಾಳೆಂಬುದು ಅತ್ತೆಗೆ ಗೊತ್ತೂ ಇರಲಿಲ್ಲ. ಬ್ರಷ್ ಬಾಯಲ್ಲಿಟ್ಟುಕೊಂಡು ಬೇವಿನ ಮರದ ಬಳಿ ನಿಂತಿದ್ದ ಯಜಮಾನರು ಹಾಗೇ ನಿಂತುಬಿಟ್ಟರು. ಆಕೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಬಲ್ಲವರು ಕೂರುವ ಹಾಗೆ ಕೂತಳು. ಮುಗಿಯುವ ತನಕ ಅಲುಗಲಿಲ್ಲ.

ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡು, ತಲೆ ಎತ್ತಿದರು. ಮೆಟ್ಟಿಲ ಮೇಲೆ ಕೂತವಳನ್ನು ನೋಡಿ ಗುರುತು ಹಿಡಿದರು. ನಾಚಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

"ನಾ ಎದ್ದ ಹೋಗಲಿಲ್ಲ ನೋಡ್ರಿ ಅಜ್ಜಿ" ಎಂದಳು ಆಕೆ, ಕೈ ಮುಗಿದು.

ಅತ್ತೆ ನನ್ನ ಕಡೆ ತಿರುಗಿದರು. "ಬಾಯಿ ತಕ್ಕೊಂಡ ಏನ ನಿಂತಿ? ಹಾಲ ಇಡು. ಪಾಪ, ಗಂಟಲ ಒಣಗಸ್ಕೊಂಡ ಕುಂತಾಳ ತಂಗಿ."